ಎರಡು ತಂತಿ

"ಇದಕ್ಕೆ ಬೆಸುಗೆ ಹಾಕಿದ ಮಹಾನುಭಾವ ಯಾರಮ್ಮ?"

ಮೊಬೈಲ್ ರಿಪೇರಿಯ ಉದಯಕುಮಾರ್, ಬಿಚ್ಚಿದ ಫೋನನ್ನು ತನ್ನ ಅಂಗಡಿಯಲ್ಲಿದ್ದವರಿಗೆಲ್ಲ ಕಾಣುವಂತೆ ಎತ್ತಿ ಹಿಡಿದ. ಬೋರ್ಡಿನಿಂದ ಎರಡು ಸಣ್ಣ ತಂತಿಗಳು ಹೊರಗೆ ಇಣುಕುತ್ತಿದ್ದವು.

"ನಾನೇ," ಎಂದಳು ಮಾಲಿನಿ. ಹುಲಿಕೆರೆಯವಳು. ಡೇರಿಗೆ ಹಾಲು ಹಾಕಿ, ಖಾಲಿ ಕ್ಯಾನಿನ ಸಮೇತ ಹಳೇಬೀಡಿಗೆ ಬಂದಿದ್ದಳು. "ಚಾರ್ಜ್ ಆಗ್ತಿಲ್ಲ, ಅಷ್ಟೆ. ಆ ತಂತಿ ಹಂಗೇ ಇರ್ಲಿ."

ಎಲ್ಲರೂ ನಕ್ಕರು. ಅವಳು ತಲೆ ತಗ್ಗಿಸಿದಳು.

ಚಾರ್ಜಿಂಗ್ ಪಿನ್ನಿನಲ್ಲಿ ಧೂಳು ತುಂಬಿತ್ತು. ಬ್ರಷ್ ಆಡಿಸಿದ್ದರೆ ಮುಗಿಯುತ್ತಿತ್ತು. ಆದರೆ ಉದಯಕುಮಾರನ ಕಣ್ಣು ಬಿದ್ದದ್ದು ಡಿಸ್‌ಪ್ಲೇ ಮೇಲೆ. ಇದೇ ಮಾಡೆಲ್ಲಿನ ಡಿಸ್‌ಪ್ಲೇಗಾಗಿ ಹಗರೆಯ ಅಂಗನವಾಡಿ ಕಾರ್ಯಕರ್ತೆ ಕೆಂಪಲಕ್ಷ್ಮಮ್ಮ ತಿಂಗಳಿಂದ ಅಲೆಯುತ್ತಿದ್ದರು. ಕಂಪನಿಯೇ ಕೈಬಿಟ್ಟ ಫೋನಿಗೆ ಬಿಡಿಭಾಗ ಎಲ್ಲಿಂದ ತರುವುದು?

"ಬೋರ್ಡ್ ಹೋಗೈತೆ ಕಣಮ್ಮ. ನಿಮ್ಮ ಬೆಸುಗೆಯಿಂದ್ಲೇ ಸುಟ್ಟೋಗೈತೆ. ಗೊತ್ತಿಲ್ದಿರೋ ಕೆಲ್ಸಕ್ಕೆ ಯಾಕೆ ಕೈ ಹಾಕ್ತೀರಾ?"

ಮಾಲಿನಿ ಫೋನನ್ನು ಅಲ್ಲೇ ಬಿಟ್ಟು, ಕ್ಯಾನ್ ಎತ್ತಿಕೊಂಡು ಹೊರಟುಹೋದಳು. ಉದಯಕುಮಾರನಿಗೆ ನಾಚಿಕೆಯಾಯಿತು. ಮಕ್ಕಳ ಕೆಲಸಕ್ಕೆ ತಾನೇ ಎಂದು ಸಮಾಧಾನ ಹೇಳಿಕೊಂಡು ಡಿಸ್‌ಪ್ಲೇ ಬಿಚ್ಚಿ ಕೆಂಪಲಕ್ಷ್ಮಮ್ಮನವರ ಫೋನಿಗೆ ಹಾಕಿದ. ತಂತಿ ಕಿತ್ತೆಸೆದ. ಬೋರ್ಡ್ ಗುಜರಿಗೆ ಹೋಯಿತು.

ಆ ಮಾಡೆಲ್ಲಿಗೆ ಜೀವ ಉಳಿದಿದ್ದದ್ದೇ ಒಬ್ಬ ಪುಣ್ಯಾತ್ಮನಿಂದ. ಹೊಸ ಸಾಫ್ಟ್‌ವೇರು ಹಳೆಯ ಕ್ಯಾಮೆರಾವನ್ನು ನಡೆಸಲು ಬೇಕಾದ ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಮನ್ನು ಆತ ಬರೆದು, ಎಲ್ಲರಿಗೂ ಪುಕ್ಕಟೆಯಾಗಿ ಅಂತರ್ಜಾಲದಲ್ಲಿ ಹಾಕುತ್ತಿದ್ದ. ಹೆಸರಿಲ್ಲ, ಊರಿಲ್ಲ. ಉದಯಕುಮಾರ್ ಅದನ್ನು ಸುತ್ತಲಿನ ಇಪ್ಪತ್ತು ಫೋನುಗಳಿಗೆ ಹಾಕಿಕೊಟ್ಟು ಹೆಸರು ಮಾಡಿದ್ದ.

ಮೂರು ವಾರಕ್ಕೆ ಕೆಂಪಲಕ್ಷ್ಮಮ್ಮ ಮತ್ತೆ ಬಂದರು. "ಅಪ್‌ಡೇಟ್ ಆದ್ಮೇಲೆ ಕ್ಯಾಮೆರಾ ಕಪ್ಪಗೈತೆ ಕಣಪ್ಪ. ಮಕ್ಳು ಉಣ್ಣೋ ಫೋಟೊ ದಿನಾ ಹಾಕ್ಬೇಕು. ಇಲ್ದಿದ್ರೆ ಊಟಾನೇ ಕೊಟ್ಟಿಲ್ಲ ಅಂತಾರೆ. ಆ ಮಾತು ಹೊತ್ಕೊಂಡು ಊರಲ್ಲಿ ಹೆಂಗೆ ತಲೆ ಎತ್ಲಿ?"

ಉಳಿದ ಫೋನುಗಳೂ ಒಂದೊಂದಾಗಿ ಬಂದವು. ಉದಯಕುಮಾರ್ ಸಿಟ್ಟಿನಿಂದ ಆ ಪುಣ್ಯಾತ್ಮನಿಗೆ ಇಂಗ್ಲಿಷಿನಲ್ಲಿ ಬರೆದ: ಪುಕ್ಕಟೆ ಕೊಟ್ಟರೆ ಜವಾಬ್ದಾರಿ ಇರುವುದಿಲ್ಲವೇ? ಹಗರೆಯ ಅಂಗನವಾಡಿಯ ಹೆಂಗಸೊಬ್ಬರು ನಿಮ್ಮಿಂದ ತಲೆ ತಗ್ಗಿಸುವಂತಾಗಿದೆ.

ಮರುದಿನ ಕೆಂಪಲಕ್ಷ್ಮಮ್ಮ ಅಂಗಡಿಯಲ್ಲಿ ಕೂತಿದ್ದಾಗಲೇ ಉತ್ತರ ಬಂತು.

"ಏನಂತಾನಪ್ಪ?"

ಉದಯಕುಮಾರ್ ಜೋರಾಗಿಯೇ ಓದತೊಡಗಿದ.

"ನಮ್ಮ ಕಡೆಯ ಹಗರೆಯ ಹೆಸರು ಓದಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಆ ಅಮ್ಮನಿಗೆ ನನ್ನ ಕ್ಷಮೆ ತಿಳಿಸಿ. ಈ ಸಲ ಪರೀಕ್ಷೆ ಮಾಡದೆ ಅಪ್‌ಡೇಟ್ ಬಿಟ್ಟೆ. ನನ್ನಲ್ಲಿದ್ದದ್ದು ಒಂದೇ ಫೋನು. ಒಳಗಿನ ತಪ್ಪುಗಳನ್ನು ಕಂಪ್ಯೂಟರಿನಲ್ಲಿ ಓದಲೆಂದು ಅದಕ್ಕೆ ಎರಡು ತಂತಿ ಬೆಸೆದಿದ್ದೆ. ಅದರಿಂದಲೇ ಬೋರ್ಡ್ ಸುಟ್ಟಿತು ಎಂದರು ಅಂಗಡಿಯವರು. ಗೊತ್ತಿಲ್ಲದ ಕೆಲಸ. ಇನ್ನು ಕೈ ಹಾಕುವುದಿಲ್ಲ."