ಓದಲು ಮಾತ್ರ

ಹದಿನೇಳನೆಯ ಸಲವೂ ಕ್ರೇನ್‌ನ ಪ್ರೋಗ್ರಾಂ ಅದೇ ಜಾಗದಲ್ಲಿ ನಿಂತಿತು. ಬ್ರೇಕ್ ಹಾಕುವ ಆದೇಶಕ್ಕೆ ಎರಡೇ ಹೆಜ್ಜೆ ಹಿಂದೆ.

ಸೊಸೆ ಪರದೆಯನ್ನು ಮಾವನ ಕಡೆ ತಿರುಗಿಸಿದಳು. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಓಡುತ್ತಿದ್ದದ್ದು ನಕಲು. ನಿಜವಾದ ಕ್ರೇನ್ ನಲವತ್ತು ದಿನಗಳ ಹಿಂದೆ, ಕರೆಂಟ್ ಹೋಗಿ ಬಂದ ಗಳಿಗೆಯಲ್ಲಿ, ಎತ್ತಿದ್ದ ಉಕ್ಕಿನ ತೊಲೆಯನ್ನು ಕೈಬಿಟ್ಟಿತ್ತು. ಕೆಳಗಿದ್ದವನು ಅವಳ ಗಂಡ, ಮಾವನ ಒಬ್ಬನೇ ಮಗ.

ಆ ಪ್ರೋಗ್ರಾಂ ಬರೆದು, ಓದಲು ಮಾತ್ರ ಬರುವ ಚಿಪ್‌ಗೆ ಇಳಿಸಿದವರು ಮಾವ. ಇಪ್ಪತ್ತಾರು ವರ್ಷಗಳ ಹಿಂದಿನ ಮಾತು. ಕಳೆದ ವರ್ಷ ಹಳೆಯ ಬೋರ್ಡ್ ಕಿತ್ತು, ಅದನ್ನೇ ಹೊಸ ಕಂಪ್ಯೂಟರಿನಲ್ಲಿ ಓಡಿಸಿದ್ದು ಅವಳ ಕಂಪನಿ. ನಡುವೆ ಹೈಪರ್‌ವೈಸರ್, ಅಂದರೆ ತಾನಿನ್ನೂ ಹಳೆಯ ಬೋರ್ಡಿನಲ್ಲೇ ಇದ್ದೇನೆಂದು ಪ್ರೋಗ್ರಾಂ ಅನ್ನು ನಂಬಿಸುವ ಸಾಫ್ಟ್‌ವೇರ್. ಭಾರ ಎತ್ತಿದ್ದಾಗ ಕರೆಂಟ್ ಹೋಗಿ ಬಂದದ್ದು ಅದಾದ ಮೇಲೆ ಅದೇ ಮೊದಲು.

ತಪ್ಪು ಯಾವ ಕಡೆಯದು? ಮನೆಯಲ್ಲಿ ಅತ್ತೆ ದಿನವೂ ಕೇಳುತ್ತಿದ್ದದ್ದು ಇದೊಂದೇ. ಪತ್ತೆಯ ಕೆಲಸವನ್ನು ಸೊಸೆ ತಾನೇ ಕೇಳಿ ಪಡೆದಿದ್ದಳು. ರಜೆ ಹಾಕಿ ಎಂದು ಮ್ಯಾನೇಜರ್ ಹೇಳಿದರೂ ಕೇಳಿರಲಿಲ್ಲ.

“ಇಲ್ಲಿ ನೋಡಿ ಮಾವ. ನಿಮ್ಮ ಪೇಜ್ ಟೇಬಲ್.”

ಯಾವ ವಿಳಾಸ ಎಲ್ಲಿದೆ ಎಂದು ಪ್ರೊಸೆಸರ್‌ಗೆ ತಿಳಿಸುವ ಪಟ್ಟಿ. ಮಾವ ಕನ್ನಡಕ ಏರಿಸಿದರು.

“ಸರಿಯಾಗೇ ಇದೆಯಲ್ಲಮ್ಮ.”

“ಇದೆ. ಆದ್ರೆ ಪ್ರೊಸೆಸರ್ ಓದಿದ ಸಾಲಿಗೆಲ್ಲ ‘ನೋಡಿದೆ’ ಅಂತ ಗುರುತು ಹಾಕತ್ತೆ. ಈ ಪಟ್ಟಿ ಇರೋದು ಓದೋಕೆ ಮಾತ್ರ ಬರೋ ಚಿಪ್ಪಲ್ಲಿ, ಬರೆಯೋಕಾಗಲ್ಲ. ಅಲ್ಲೇ ಸಿಕ್ಕಾಕೊಳ್ಳತ್ತೆ.”

“ಹಳೇ ಬೋರ್ಡಲ್ಲಿ ಇಷ್ಟು ವರ್ಷ ಓಡ್ತಲ್ಲ?”

“ಅದು ಗುರುತು ಬೀಳದಿದ್ರೂ ಕಂಡೂ ಕಾಣದ ಹಾಗೆ ಮುಂದೆ ಹೋಗ್ತಿತ್ತು.”

ಮಾವ ಗಲ್ಲ ಕೆರೆದುಕೊಂಡರು. “ನಿಮ್ಮ ಹೈಪರ್‌ವೈಸರ್ ಆಗ ಏನು ಮಾಡತ್ತೆ? ಒಂದ್ಸಲ ತೋರಿಸು.”

“ಅದರ ಒಂದೊಂದು ಸಾಲೂ ನಂಗೊತ್ತು ಮಾವ. ನೀವು ಕಣ್ಣು ನೋಯಿಸ್ಕೋಬೇಡಿ.”

ಅವಳು ನಕಲು ಪಟ್ಟಿಯ ಎಲ್ಲ ಸಾಲುಗಳಿಗೂ ಮೊದಲೇ ಆ ಗುರುತು ಹಾಕಿ ಓಡಿಸಿದಳು. ಪ್ರೋಗ್ರಾಂ ನಿಲ್ಲಲಿಲ್ಲ. ಬ್ರೇಕ್ ಬಿತ್ತು.

“ಅಂದ್ರೆ, ನಾನು ಆಗಲೇ ಹಾಕಿಟ್ಟಿದ್ರೆ...”

“ಹೂಂ.”

“ಅವನು ಹುಟ್ಟಿದ ವರ್ಷ ಕಣಮ್ಮ ಬರೆದಿದ್ದು. ತೊಡೆ ಮೇಲೆ ಮಲಗಿಸ್ಕೊಂಡೇ ಟೈಪ್ ಮಾಡ್ತಿದ್ದೆ.”

ಮ್ಯಾನೇಜರ್ ಬಾಗಿಲಲ್ಲಿ ತಲೆ ಹಾಕಿದ. “ನಮ್ಮ ಕಡೆದಲ್ಲ ತಾನೇ?”

“ಅಲ್ಲ.”

“ಸದ್ಯ!” ಎಂದವನು ಮುದುಕರನ್ನು ಕಂಡು ನಾಲಿಗೆ ಕಚ್ಚಿಕೊಂಡ. “ಸಾರಿ ಸರ್.”

ಅವಳು ವರದಿ ಟೈಪ್ ಮಾಡಿದಳು. ಕಾರಣ: ಮೂಲ ಪ್ರೋಗ್ರಾಂನಲ್ಲಿನ ಲೋಪ. ಮಾವ ಸಹಿ ಹಾಕುವಾಗ ಕಾಗದ ಜಾರದಂತೆ ಅವಳೇ ಹಿಡಿದುಕೊಂಡಳು.

“ನಿಮ್ಮತ್ತೆಗೆ ನೀನೇ ಹೇಳ್ಬಿಡ್ತೀಯಾ?”

“ನೀವೇ ಹೇಳೋದು ಸರಿ ಮಾವ.”

ಅವರು ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದರು. ಅವಳು ಕಿಟಕಿಯಿಂದ ನೋಡಿದಳು. ರಸ್ತೆ ದಾಟಿದ್ದು ಖಾತ್ರಿಯಾದ ಮೇಲೆ ವರದಿ ಕಳುಹಿಸಿ, ಹೈಪರ್‌ವೈಸರ್‌ನ ಕಡತ ತೆರೆದಳು. ‘ಗುರುತು ಬರೆಯಲಾಗದಿದ್ದರೆ ಮತ್ತೆ ಪ್ರಯತ್ನಿಸು.’ ಎಷ್ಟು ಸಲ ಎಂದಿರಲಿಲ್ಲ. ಪಕ್ಕದಲ್ಲಿ, ಕೆಲಸ ಬಿಟ್ಟು ಹೋದ ಸಹೋದ್ಯೋಗಿಯ ಎರಡು ವರ್ಷ ಹಳೆಯ ಪ್ರಶ್ನೆ: ‘ಪಟ್ಟಿ ಓದಲು ಮಾತ್ರ ಬರುವ ಚಿಪ್‌ನಲ್ಲಿದ್ದರೆ ಇದು ಕೊನೆಯಿಲ್ಲದೆ ಸುತ್ತುತ್ತದೆ. ಬಿಟ್ಟು ಮುಂದೆ ಹೋಗಬೇಕಲ್ಲವೇ?’

ಅದರ ಕೆಳಗೆ, ಆ ಸಾಲು ಬರೆದವಳ ಉತ್ತರ, ಸೊಸೆಯದೇ ಹೆಸರಿನಲ್ಲಿ: ‘ಪಟ್ಟಿಯನ್ನು ಅಲ್ಲಿಡುವ ದಡ್ಡರು ಯಾರಿದ್ದಾರೆ?’