ಮಾತು ಕೇಳದ ಪೆನ್ನು

ಫೋಟೋದಲ್ಲಿದ್ದ ಮದುಮಗಳನ್ನು ಹಿನ್ನೆಲೆಯಿಂದ ಬಿಡಿಸಲು ಕೂದಲಂಚಿನಲ್ಲಿ ಓಡಬೇಕಿದ್ದ ಗೆರೆ ಮತ್ತೆ ಅವಳ ಮೂಗಿನ ಮೇಲೆ ಹಾದುಹೋಯಿತು. ಸ್ಟುಡಿಯೋದವನಿಗೆ ಮೈಯೆಲ್ಲ ಉರಿದುಹೋಯಿತು. ಮೌಸ್ ಹಿಡಿದು ಸಲೀಸಾಗಿ ಮಾಡುತ್ತಿದ್ದ ಕೆಲಸವದು! ಹೊಸದಾಗಿ ಕೊಂಡ ಈ ಪೆನ್ ಟ್ಯಾಬ್ಲೆಟ್‌ನಲ್ಲಿ ಎಳೆಯುವುದು ಮೇಜಿನ ಮೇಲೆ, ಮೂಡುವುದು ಎದುರಿನ ಪರದೆಯಲ್ಲಿ. ಅವನ ಕಣ್ಣೋ ಮತ್ತೆ ಮತ್ತೆ ಪೆನ್ನಿನ ತುದಿಗೇ ಇಳಿಯುತ್ತಿತ್ತು.

“ಹುಡುಗಿ ಮನೆಯವರು ಸಂಜೆ ಫೋಟೋ ಒಯ್ಯೋಕೆ ಬರ್ತಾರೆ. ಇದೆಲ್ಲ ಬೇಡ ಅಂತ ಬಡ್ಕೊಂಡೆ, ಕೇಳಿದ್ರಾ?” ಹೆಂಡತಿ ಬಾಗಿಲಲ್ಲೇ ನಿಂತು ಶುರುಮಾಡಿದಳು.

ಅವಳತ್ತ ತಿರುಗುವ ಧೈರ್ಯವಿಲ್ಲದೆ ಅವನು ಪರದೆಯನ್ನೇ ದುರುಗುಟ್ಟಿ ನೋಡುತ್ತ ಕುಳಿತ. ಕೈ ತನ್ನಷ್ಟಕ್ಕೆ ಆಡುತ್ತಿತ್ತು. ಅವಳು ಉಸಿರೆಳೆದುಕೊಳ್ಳಲು ನಿಲ್ಲಿಸಿದಾಗಲೇ ಅರಿವಾದದ್ದು: ಗೆರೆ ಹಣೆಯಿಂದ ಕಿವಿಯವರೆಗೆ ಒಂದಿಷ್ಟೂ ತಪ್ಪದೆ ಬಂದಿತ್ತು.

“ನಿಲ್ಲಿಸ್ಬೇಡ ಕಣೇ,” ಎಂದ, ತಿರುಗದೆ. “ಬೈತಾ ಇರು. ಇನ್ನೊಂದು ಕಿವಿ ಬಾಕಿ ಇದೆ.”