ಅತ್ತೆ ಬಿಟ್ಟುಹೋದ ಎಳೆ

ಈ ವಯಸ್ಸಿನಲ್ಲೂ ಕಂಪ್ಯೂಟರಿನಲ್ಲಿ ಕೋಡ್ ಬರೆಯುವಾಗ ಬ್ರ್ಯಾಕೆಟ್ ತೆರೆದ ಕೂಡಲೇ ಮುಚ್ಚಿಬಿಡುತ್ತೇನೆ, ಆಮೇಲಷ್ಟೇ ಒಳಗಿನದನ್ನು ತುಂಬುತ್ತೇನೆ. ಮುಚ್ಚುವಾಗಲೆಲ್ಲ ಒಣ ಬೇವಿನೆಲೆಯ ವಾಸನೆ ಬರುತ್ತದೆ.

ಅರವತ್ತರ ದಶಕದ ಒಂದು ಮಧ್ಯಾಹ್ನ. ನನಗಾಗ ಎಂಟು ವರ್ಷ. ಧಾರವಾಡದ ನಮ್ಮ ಪಡಸಾಲೆಯಲ್ಲಿ ಅಜ್ಜಿ ಟ್ರಂಕು ತೆರೆದು, ಬೇವಿನೆಲೆ ಕೊಡವಿ, ಕಮಲತ್ತೆಯ ಕಪ್ಪು ಸೀರೆಯನ್ನು ನನ್ನ ಮಡಿಲಿಗೆ ಹಾಕಿದಳು. ಅತ್ತೆ ತೀರಿಕೊಂಡು ತಿಂಗಳಾಗಿತ್ತು. ಅವಳು ಹಾಕುತ್ತಿದ್ದ ಕಸೂತಿಯ ಗೋಪುರದ ಎಳೆ ತುದಿಯವರೆಗೆ ಹೋಗಿ ನಿಂತಿತ್ತು, ಒಂದು ಹೊಲಿಗೆ, ಮರಳುವಾಗ ತುಂಬಲೆಂದು ಬಿಟ್ಟ ಒಂದು ಖಾಲಿ. ಸೂಜಿ ಇನ್ನೂ ದಾರದಲ್ಲೇ ನೇತಾಡುತ್ತಿತ್ತು.

"ಎಳಿ ಹೋದ ಹಾದೀಲೇ ತಿರುಗಿ ಬರಬೇಕು. ನಡುವ ಗಂಟ ಹಾಕಬಾರದು," ಎಂದಳು ಅಜ್ಜಿ. "ನನ್ನ ಕಣ್ಣ ಮಂಜಾಗ್ಯಾವ. ಆಕೀನ ನೀ ಕರಕೊಂಡು ಬಾ."

ಖಾಲಿ ಬಿಟ್ಟ ಜಾಗಗಳನ್ನು ಒಂದೊಂದಾಗಿ ತುಂಬುತ್ತ ಹಿಂದಿರುಗಿದೆ. ಪ್ರತಿ ಹೊಲಿಗೆಗೂ ಒಳಕೋಣೆಯಲ್ಲಿ ಬಳೆಯ ಸದ್ದಾಗುತ್ತಿತ್ತು. ಮನೆಯಲ್ಲಿ ನಾವಿಬ್ಬರೇ ಇದ್ದೆವು. ಅಜ್ಜಿಯ ಕೈ ಎಂದಿನಂತೆ ಬೋಳು. ಸದ್ದು ಹತ್ತಿರವಾಗುತ್ತ ಬಂತು. ಅತ್ತೆ ಮೊಟ್ಟಮೊದಲು ಸೂಜಿ ಚುಚ್ಚಿದ್ದ ತೂತಿಗೆ ನಾನು ತಲುಪಿದಾಗ ಅದು ನನ್ನ ಕಿವಿಯ ಬಳಿ ನಿಂತಿತು.

ಅಜ್ಜಿ ತಲೆಯೆತ್ತದೆ ಹೇಳಿದಳು: "ಸ್ವಲ್ಪ ಸರದು ಕುಂದ್ರವಾ. ಆಕೀಗೆ ಜಾಗಾ ಬಿಡು."